ರೋಟವೇಟರ್ ಎಣ್ಣೆ ಸೋರಿದಾಗ: ಸಣ್ಣ ರಿಪೇರಿಯಲ್ಲೇ ಇಡೀ ದಿನ ಹೋಗದಂತೆ ಕೆಲಸ ಮಾಡುವ ಕ್ರಮ

ಭದ್ರಾ ನಾಲೆಗೆ ನೀರು ಬಿಟ್ಟು ಗದ್ದೆಗಳಲ್ಲಿ ಕೆಸರು ಹೊಡೆಯುವ ಕೆಲಸ ಶುರುವಾದ ಕೂಡಲೇ ದಾವಣಗೆರೆ, ಹರಿಹರ, ಹೊನ್ನಾಳಿ ಕಡೆಯ ರೈತರಿಂದ ಬರುವ ಪ್ರಶ್ನೆ ಬಹುತೇಕ ಒಂದೇ ಆಗಿರುತ್ತದೆ: ರೋಟವೇಟರಿನ (ಟ್ರ್ಯಾಕ್ಟರಿನ ಹಿಂದೆ ಜೋಡಿಸಿ ಮಣ್ಣು ಕಲಕುವ ಯಂತ್ರದ) ಪಕ್ಕದಿಂದ ಎಣ್ಣೆ ಸೋರುತ್ತಿತ್ತು, ಸೀಲು ಬದಲಾಯಿಸಲು ಕುಳಿತೆವು, ಬೋಲ್ಟು ಮುರಿಯಿತು, ಈಗ ಏನು ಮಾಡಬೇಕು? ಮೆಕ್ಕೆಜೋಳದ ಬಿತ್ತನೆಗೆ ಹೊಲ ಹದ ಮಾಡುವ ಹೊತ್ತಿನಲ್ಲಿ ಜಗಳೂರು, ಭರಮಸಾಗರ, ಹೊಳಲ್ಕೆರೆ ಕಡೆಯವರೂ ಇದನ್ನೇ ಕೇಳುತ್ತಾರೆ. ಮಳೆ ಬಂದು ನೆಲ ಹದಕ್ಕೆ ಬಂದಾಗ ಸಿಗುವುದು ಎರಡು ಮೂರು ದಿನ. ಅದರಲ್ಲಿ ಒಂದು ದಿನ ರಿಪೇರಿಗೆ ಹೋದರೆ ಆ ನಷ್ಟ ಬಿಡಿಭಾಗದ ಬೆಲೆಗಿಂತ ಬಹಳ ದೊಡ್ಡದು.

ಹೀಗೆ ಕೈತಪ್ಪಿದ ದಿನಗಳ ವಿವರವನ್ನು ಒಂದೊಂದಾಗಿ ಕೇಳುತ್ತ ಹೋದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮೊದಲು ಕೆಟ್ಟ ಭಾಗಕ್ಕಾಗಿ ಖರ್ಚಾದ ಸಮಯ ಕಡಿಮೆ. ಅದನ್ನು ಸರಿಮಾಡಲು ಹೋಗಿ ಅವಸರದಲ್ಲಿ ನಾವೇ ಕೆಡಿಸಿದ ಎರಡನೆಯ ಭಾಗ, ಅಳತೆ ಗೊತ್ತಿಲ್ಲದೆ ತಂದ ತಪ್ಪು ಸಾಮಾನು ಮತ್ತು ಅದಕ್ಕಾಗಿ ಪೇಟೆಗೆ ಮತ್ತೆ ಮತ್ತೆ ಮಾಡಿದ ಓಡಾಟ, ಇವೇ ದಿನವನ್ನು ತಿಂದಿರುತ್ತವೆ. ಈ ಮೂರನ್ನೂ ತಡೆಯಬಹುದು. ಅದಕ್ಕೆ ದೊಡ್ಡ ಕಾರ್ಯಾಗಾರವೇನೂ ಬೇಕಿಲ್ಲ. ಕೆಲಸದ ಕ್ರಮ ಸರಿಯಿದ್ದರೆ ಸಾಕು. ಇಲ್ಲಿ ರೋಟವೇಟರನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಒಕ್ಕಣೆ ಯಂತ್ರಕ್ಕೂ ಕಲ್ಟಿವೇಟರಿಗೂ ಇದೇ ಕ್ರಮ ಹೊಂದುತ್ತದೆ.

ಮೊದಲೇ ಕೂಡಿಸಿಟ್ಟುಕೊಳ್ಳಬೇಕಾದವು

ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್ ಸೆಟ್ಟು, ತುಕ್ಕು ಬಿಡಿಸುವ ಎಣ್ಣೆ, ತಂತಿ ಬ್ರಷ್ಷು, ಸುತ್ತಿಗೆ, ಚಾಣ, ಸರ್ಕ್ಲಿಪ್ ಪ್ಲೈಯರ್ (ಶಾಫ್ಟಿನ ತೋಡಿನಲ್ಲಿ ಕೂರುವ ಉಕ್ಕಿನ ಲಾಕನ್ನು ಹಿಗ್ಗಿಸಿ ತೆಗೆಯುವ ಇಕ್ಕಳ), ಹಳೆಯ ಎಣ್ಣೆ ಹಿಡಿಯಲು ಅಗಲವಾದ ತಟ್ಟೆ, ಒಂದಿಷ್ಟು ಚಿಂದಿ ಬಟ್ಟೆ. ಇವಿಷ್ಟು ಹೆಚ್ಚಿನ ಮನೆಗಳಲ್ಲಿ ಇರುತ್ತವೆ. ಇಲ್ಲದಿರುವುದು ವರ್ನಿಯರ್ ಕ್ಯಾಲಿಪರ್, ಅಂದರೆ ಶಾಫ್ಟಿನ ದಪ್ಪವನ್ನೂ ರಂಧ್ರದ ಒಳಅಳತೆಯನ್ನೂ ಮಿಲಿಮೀಟರಿನ ಭಾಗದಷ್ಟು ನಿಖರವಾಗಿ ಹೇಳುವ ಅಳತೆಪಟ್ಟಿ. ಪೇಟೆಗೆ ಎರಡನೆಯ ಸಲ ಹೋಗುವುದನ್ನು ತಪ್ಪಿಸುವ ಸಾಧನ ಇದೊಂದೇ ಆದ್ದರಿಂದ ಮೊದಲು ಇದನ್ನು ಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಯಂತ್ರದ ಜೊತೆ ಬಂದ ಬಿಡಿಭಾಗಗಳ ಪುಸ್ತಕ ಇನ್ನೂ ಇದ್ದರೆ ಅದನ್ನೂ ಹುಡುಕಿಡಿ.

ಹಂತ 1: ಯಂತ್ರವನ್ನು ನಿಲ್ಲಿಸಿ ಭದ್ರಪಡಿಸುವುದು

ಟ್ರ್ಯಾಕ್ಟರನ್ನು ಸಮತಟ್ಟಾದ ಗಟ್ಟಿ ನೆಲಕ್ಕೆ ತನ್ನಿ, ಪಿಟಿಒ ಬಿಡಿಸಿ, ರೋಟವೇಟರನ್ನು ನೆಲಕ್ಕೆ ಇಳಿಸಿ, ಎಂಜಿನ್ ನಿಲ್ಲಿಸಿ, ಕೀಲಿಯನ್ನು ನಿಮ್ಮ ಜೇಬಿನಲ್ಲಿಯೇ ಇಟ್ಟುಕೊಳ್ಳಿ. ಪಿಟಿಒ ಎಂದರೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಉಪಕರಣಕ್ಕೆ ಸಾಗಿಸುವ ಶಾಫ್ಟು. ಅದು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಹೆಗಲ ಮೇಲಿನ ವಲ್ಲಿಯ ಅಂಚೋ ಪಂಚೆಯ ತುದಿಯೋ ಅದಕ್ಕೆ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಆದ್ದರಿಂದ ಶಬ್ದ ಎಲ್ಲಿಂದ ಬರುತ್ತಿದೆ ಎಂದು ಕೇಳಲು ಸಹ ತಿರುಗುತ್ತಿರುವ ಶಾಫ್ಟಿನ ಹತ್ತಿರ ಹೋಗಬಾರದು.

ರೋಟವೇಟರಿನ ಕೆಳಗೆ ಕೈ ಹಾಕಬೇಕಾದರೆ ಅದನ್ನು ಮೇಲೆತ್ತಿ ಎರಡೂ ಬದಿಗೆ ಮರದ ದಿಮ್ಮಿ ಅಥವಾ ಕಬ್ಬಿಣದ ಸ್ಟ್ಯಾಂಡು ಕೊಡಿ. ಇಟ್ಟಿಗೆ ಮತ್ತು ಸಿಮೆಂಟ್ ಬ್ಲಾಕು ಭಾರಕ್ಕೆ ಥಟ್ಟನೆ ಒಡೆಯುತ್ತವೆ. ಹೈಡ್ರಾಲಿಕ್ ಲಿಫ್ಟು ಎತ್ತಿ ಹಿಡಿದಿದೆ ಎಂಬ ಧೈರ್ಯದಲ್ಲಿ ಕೆಳಗೆ ಮಲಗುವುದು ಅತ್ಯಂತ ಅಪಾಯಕಾರಿ. ಲಿವರಿಗೆ ಯಾರದಾದರೂ ಮೊಣಕಾಲು ತಗುಲಿದರೂ ಸಾಕು, ಅದು ಇಳಿದುಬಿಡುತ್ತದೆ. ಕೆಲಸ ದೊಡ್ಡದಿದ್ದರೆ ರೋಟವೇಟರನ್ನು ಟ್ರ್ಯಾಕ್ಟರಿನಿಂದ ಪೂರ್ತಿ ಬಿಡಿಸಿ ಇಡುವುದೇ ಲೇಸು. ಹಾಗೆ ಮಾಡಿದರೆ ಟ್ರ್ಯಾಕ್ಟರು ಬೇರೆ ಕೆಲಸಕ್ಕೂ ಒದಗುತ್ತದೆ.

ಹಂತ 2: ತೊಳೆದು, ಸೋರಿಕೆಯ ನಿಜವಾದ ಕಾರಣ ಹುಡುಕುವುದು

ಎಣ್ಣೆ ಕಂಡ ಕೂಡಲೇ ಸೀಲು ಹೋಯಿತು ಎಂದು ತೀರ್ಮಾನಿಸುವುದು ಮೊದಲ ತಪ್ಪು. ಸೀಲು ಎಂದರೆ ತಿರುಗುವ ಶಾಫ್ಟಿನ ಸುತ್ತ ಕೂತು ಎಣ್ಣೆಯನ್ನು ಒಳಗೂ ಕೆಸರನ್ನು ಹೊರಗೂ ತಡೆಯುವ ರಬ್ಬರಿನ ಬಳೆ. ಅದನ್ನು ಬದಲಾಯಿಸಲು ಯಂತ್ರದ ಅರ್ಧ ಭಾಗವನ್ನೇ ಬಿಚ್ಚಬೇಕಾಗುತ್ತದೆ. ಬಿಚ್ಚದೆಯೇ ನೋಡಬಹುದಾದ ಮೂರು ಕಾರಣಗಳಿವೆ. ಮೊದಲು ಅವನ್ನು ನೋಡಿ.

ಗೇರ್‌ಬಾಕ್ಸಿನ ಮೇಲ್ಭಾಗದಲ್ಲಿ ಬ್ರೀದರ್ ಎಂಬ ಸಣ್ಣ ತೂತಿನ ಮುಚ್ಚಳ ಇರುತ್ತದೆ. ಕೆಲಸದಲ್ಲಿ ಎಣ್ಣೆ ಕಾದಾಗ ಒಳಗಿನ ಗಾಳಿ ಹಿಗ್ಗಿ ಹೊರಹೋಗುವುದು ಈ ತೂತಿನ ಮೂಲಕ. ಕೆಸರು ಒಣಗಿ ಅದನ್ನು ಮುಚ್ಚಿದರೆ ಒಳಗಿನ ಒತ್ತಡಕ್ಕೆ ಎಣ್ಣೆ ಸೀಲಿನ ಅಂಚನ್ನು ತಳ್ಳಿಕೊಂಡು ಹೊರಬರುತ್ತದೆ, ಸೀಲು ಹೊಸದೇ ಇದ್ದರೂ ಬರುತ್ತದೆ. ಮುಚ್ಚಳವನ್ನು ತೆಗೆದು ಡೀಸೆಲ್ಲಿನಲ್ಲಿ ತೊಳೆದು ಊದಿ ಹಾಕಿದರೆ ಮುಗಿಯಿತು. ಸೀಲು ಬದಲಾಯಿಸಿದ ವಾರದಲ್ಲೇ ಮತ್ತೆ ಸೋರಿತು ಎಂದು ಬೇಸರಪಡುವವರು ನೋಡದೆ ಬಿಟ್ಟಿರುವುದು ಬಹಳ ಸಲ ಇದನ್ನೇ.

ಎರಡನೆಯದು ಎಣ್ಣೆ ಹೆಚ್ಚಾಗಿರುವುದು. ಮಟ್ಟದ ಗುರುತಿಗಿಂತ ಮೇಲೆ ತುಂಬಿಸಿದರೂ ಅದು ಸೀಲಿನ ಕಡೆಗೇ ದಾರಿ ಹುಡುಕುತ್ತದೆ. ಮೂರನೆಯದು ಶಾಫ್ಟಿಗೆ ಸುತ್ತಿಕೊಂಡ ದಾರ. ಚೀಲದ ಪ್ಲಾಸ್ಟಿಕ್ ಹುರಿ, ಮೆಕ್ಕೆಜೋಳದ ದಂಟಿನ ನಾರು, ಅಡಿಕೆ ತೋಟದಲ್ಲಿ ಹಳೆಯ ಹನಿ ನೀರಾವರಿ ಪೈಪಿನ ತುಂಡು, ಇವು ರೋಟರಿನ (ಬ್ಲೇಡುಗಳನ್ನು ಹೊತ್ತು ತಿರುಗುವ ಶಾಫ್ಟಿನ) ತುದಿಯಲ್ಲಿ ಬಿಗಿಯಾಗಿ ಸುತ್ತಿಕೊಂಡು ಸೀಲಿನ ತುಟಿಯನ್ನು ಕೊರೆಯುತ್ತವೆ. ಇದನ್ನು ಕತ್ತರಿಸಿ ತೆಗೆಯದೆ ಹೊಸ ಸೀಲು ಹಾಕಿದರೆ ಅದೂ ಉಳಿಯುವುದಿಲ್ಲ.

ಈಗ ರೋಟರಿನ ಕೆಳಗೆ ಹಾರೆ ಕೊಟ್ಟು ಮೇಲಕ್ಕೆ ಎತ್ತಿ ನೋಡಿ. ತುದಿಯಲ್ಲಿ ಕೈಗೆ ತಿಳಿಯುವಷ್ಟು ಅಲುಗಾಟ ಇದ್ದರೆ ಬೇರಿಂಗು (ಶಾಫ್ಟು ಸಲೀಸಾಗಿ ತಿರುಗಲು ಆಸರೆಯಾಗುವ, ಎರಡು ಬಳೆಗಳ ನಡುವೆ ಗುಂಡುಗಳಿರುವ ಭಾಗ) ಸವೆದಿದೆ. ಅಲುಗುವ ಶಾಫ್ಟಿನ ಮೇಲೆ ಯಾವ ಸೀಲೂ ನಿಲ್ಲುವುದಿಲ್ಲ. ಎಣ್ಣೆಯನ್ನೂ ಸ್ವಲ್ಪ ತೆಗೆದು ನೋಡಿ. ಅದು ಮಜ್ಜಿಗೆಯ ಹಾಗೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ, ಕಬ್ಬಿಣದ ಹೊಳೆಯುವ ಚೂರುಗಳಿದ್ದರೆ ಗೇರು ಅಥವಾ ಬೇರಿಂಗು ಒಡೆಯುತ್ತಿದೆ ಎಂದರ್ಥ. ಈ ಎರಡು ಸ್ಥಿತಿಗಳಲ್ಲಿ ಯಂತ್ರವನ್ನು ಮುಂದೆ ಓಡಿಸಬೇಡಿ.

ಇವೆರಡೂ ಇಲ್ಲದೆ, ಅಲುಗಾಟವೂ ಇಲ್ಲದೆ ಬರೀ ಹನಿ ಹನಿ ಸೋರಿಕೆ ಇದ್ದರೆ, ಹದ ಇರುವ ದಿನ ಅದನ್ನು ಬಿಚ್ಚಲೇಬೇಕೆಂದಿಲ್ಲ. ಬೆಳಿಗ್ಗೆ ಮತ್ತು ಮಧ್ಯಾಹ್ನ ಮಟ್ಟ ನೋಡಿ, ಕಡಿಮೆಯಾದಷ್ಟು ಎಣ್ಣೆ ಹಾಕಿ, ಹೊಲದ ಕೆಲಸ ಮುಗಿಸಿ, ಬಿಡುವಿನ ದಿನ ರಿಪೇರಿಗೆ ಕೂರಬಹುದು. ಯಾವುದನ್ನು ಇಂದೇ ಬಿಚ್ಚಬೇಕು, ಯಾವುದನ್ನು ನಾಲ್ಕು ದಿನ ಕಾಯಿಸಬಹುದು ಎಂಬ ಈ ನಿರ್ಧಾರವನ್ನು ಜನ ಮಾಡುವುದೇ ಇಲ್ಲ. ಎಣ್ಣೆ ಕಂಡೊಡನೆ ಸ್ಪ್ಯಾನರ್ ಹಿಡಿಯುತ್ತಾರೆ.

ಹಂತ 3: ಬಿಚ್ಚುವುದಕ್ಕೆ ಹಿಂದಿನ ಸಂಜೆ ಮಾಡಬೇಕಾದ ಸಿದ್ಧತೆ

ಬಿಚ್ಚಲೇಬೇಕು ಎಂದು ತೀರ್ಮಾನವಾದರೆ ಹಿಂದಿನ ಸಂಜೆಯೇ ಆ ಭಾಗದ ಎಲ್ಲ ಬೋಲ್ಟುಗಳ ಮಣ್ಣನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆದು, ಸುತ್ತಿಗೆಯಿಂದ ತಲೆಯ ಮೇಲೆ ಮೆಲ್ಲಗೆ ನಾಲ್ಕೈದು ಪೆಟ್ಟು ಕೊಟ್ಟು, ತುಕ್ಕು ಬಿಡಿಸುವ ಎಣ್ಣೆಯನ್ನು ಬೋಲ್ಟು ನಟ್ಟು ಕೂಡುವ ಸಂದಿಗೆ ಇಳಿಯುವಂತೆ ಹಾಕಿ. ಒಂದು ಗಂಟೆ ಬಿಟ್ಟು ಮತ್ತೊಮ್ಮೆ, ಮಲಗುವ ಮುನ್ನ ಇನ್ನೊಮ್ಮೆ ಹಾಕಿ. ಆ ಎಣ್ಣೆ ಸಿಗದಿದ್ದರೆ ಡೀಸೆಲ್ ಆದೀತು, ಆದರೆ ಅದು ನಿಧಾನ. ಈ ಒಂದು ಕೆಲಸದಿಂದ ತಪ್ಪುವ ತೊಂದರೆಗೆ ಸಮನಾದದ್ದು ಇಡೀ ಲೇಖನದಲ್ಲಿ ಬೇರೊಂದಿಲ್ಲ.

ಜೊತೆಗೆ ಒಂದು ಹಾಳೆಯಲ್ಲಿ ಎರಡು ಪಟ್ಟಿ ಬರೆದುಕೊಳ್ಳಿ. ಮೊದಲನೆಯದರಲ್ಲಿ ಬದಲಾಯಿಸಬೇಕೆಂದು ಗೊತ್ತಿರುವ ಭಾಗಗಳು. ಎರಡನೆಯದರಲ್ಲಿ ಅಲ್ಲಿಗೆ ತಲುಪುವ ದಾರಿಯಲ್ಲಿ ಮುರಿಯಬಹುದಾದ ಅಥವಾ ಮರಳಿ ಬಳಸಲಾಗದ ಭಾಗಗಳು: ಬೋಲ್ಟುಗಳು, ಮುಚ್ಚಳದ ಗ್ಯಾಸ್ಕೆಟ್ಟು (ಎಣ್ಣೆ ಸೋರದಂತೆ ಸಂದಿಯಲ್ಲಿ ಇಡುವ ತೆಳು ಹಾಳೆ), ಸರ್ಕ್ಲಿಪ್ಪು, ಕಾಟರ್ ಪಿನ್ನು, ಲಾಕ್ ವಾಷರು. ದಿನ ಕೆಡುವುದು ಎರಡನೆಯ ಪಟ್ಟಿಯಿಂದ. ಆ ಪಟ್ಟಿಯಲ್ಲಿರುವವು ಅಗ್ಗದ ಸಾಮಾನುಗಳು, ಊರಿನ ಅಥವಾ ಹೋಬಳಿಯ ಅಂಗಡಿಯಲ್ಲೇ ಹೆಚ್ಚಿನವು ಸಿಗುತ್ತವೆ. ಮೊದಲೇ ತಂದಿಟ್ಟುಕೊಂಡರೆ ಉಳಿದದ್ದು ಮುಂದಿನ ಸಲಕ್ಕೆ ಆಗುತ್ತದೆ.

ಕೆಲಸವನ್ನು ಬೆಳಿಗ್ಗೆಯೇ ಹಿಡಿಯಿರಿ. ಮಧ್ಯಾಹ್ನ ಮೂರಕ್ಕೆ ಬಿಚ್ಚಲು ಕುಳಿತರೆ ಭಾಗ ಕೈಗೆ ಬರುವ ಹೊತ್ತಿಗೆ ಅಂಗಡಿ ಮುಚ್ಚಿರುತ್ತದೆ. ಭಾನುವಾರ ಲೇತ್ ಅಂಗಡಿ (ಲೋಹದ ಭಾಗಗಳನ್ನು ಯಂತ್ರದಲ್ಲಿ ಕಡೆದು ಕೊರೆದು ಕೊಡುವ ಅಂಗಡಿ) ತೆರೆದಿರುತ್ತದೆಯೇ ಎಂಬುದನ್ನು ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ಆ ದಿನ ಕರೆಂಟು ಇರುತ್ತದೆಯೇ ಎಂದೂ ಕೇಳಿ, ಕರೆಂಟಿಲ್ಲದೆ ಲೇತ್ ತಿರುಗುವುದಿಲ್ಲ.

ಹಂತ 4: ಬಿಚ್ಚುವುದು

ಪ್ರತಿ ಭಾಗ ತೆಗೆಯುವ ಮುನ್ನ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಸೀಲಿನ ಯಾವ ಮುಖ ಹೊರಗಿತ್ತು, ವಾಷರು ಬೇರಿಂಗಿಗೆ ಮುಂಚೆಯೋ ಆಮೇಲೆಯೋ ಎಂಬ ಅನುಮಾನ ಸಂಜೆಯ ಹೊತ್ತಿಗೆ ಖಂಡಿತ ಬರುತ್ತದೆ. ಬಿಚ್ಚಿದ ಬೋಲ್ಟುಗಳನ್ನು ನೆಲದ ಮೇಲೆ ಇಡದೆ, ಯಾವ ಭಾಗದವು ಎಂದು ಬರೆದ ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ. ಕೆಸರಿನಲ್ಲಿ ಬಿದ್ದ ಸರ್ಕ್ಲಿಪ್ಪನ್ನು ಹುಡುಕುವ ಹೊತ್ತಿನಲ್ಲಿ ಅರ್ಧ ರಿಪೇರಿ ಮುಗಿಯುತ್ತದೆ. ಸರ್ಕ್ಲಿಪ್ಪನ್ನು ಸ್ಕ್ರೂಡ್ರೈವರಿನಿಂದ ಮೀಟಬೇಡಿ. ಅದು ಸಿಡಿದು ಕಣ್ಣಿಗೆ ಹಾರಬಹುದು.

ಬೋಲ್ಟಿನ ತಲೆಗೆ ಆರೂ ಬದಿ ಕಚ್ಚುವ ರಿಂಗ್ ಸ್ಪ್ಯಾನರನ್ನೇ ಬಳಸಿ. ಎರಡೇ ಬದಿ ಹಿಡಿಯುವ ಬಾಯಿ ತೆರೆದ ಸ್ಪ್ಯಾನರು ಅಥವಾ ಅಳತೆ ಹೊಂದಿಸುವ ಸ್ಕ್ರೂ ಸ್ಪ್ಯಾನರು ತಲೆಯ ಮೂಲೆಗಳನ್ನು ಉರುಟು ಮಾಡುತ್ತದೆ. ಬಿಚ್ಚುವ ಮುನ್ನ ಒಂದು ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಿ ನೋಡಿ. ತುಕ್ಕಿನ ಹಿಡಿತ ಮೊದಲು ಸಡಿಲಗೊಳ್ಳುವುದು ಹಾಗೆಯೇ. ಅಲುಗಿದ ಮೇಲೆ ಕಾಲು ಸುತ್ತು ಬಿಚ್ಚಿ, ಎಣ್ಣೆ ಹಾಕಿ, ಮತ್ತೆ ಹಿಂದಕ್ಕೆ ತಿರುಗಿಸಿ, ಹೀಗೆ ಹಿಂದೆ ಮುಂದೆ ಆಡಿಸುತ್ತ ಹೊರಗೆ ತನ್ನಿ. ಒಂದೇ ದಿಕ್ಕಿಗೆ ಜಗ್ಗಿದರೆ ತುಕ್ಕಿನ ಪುಡಿ ಬೋಲ್ಟಿನ ಮೈಮೇಲಿನ ಸುತ್ತುಗಳ (ಥ್ರೆಡ್ಡುಗಳ) ನಡುವೆ ಸೇರಿ ಮಧ್ಯದಲ್ಲಿ ಕಚ್ಚಿಕೊಳ್ಳುತ್ತದೆ.

ಸ್ಪ್ಯಾನರಿಗೆ ಉದ್ದನೆಯ ಪೈಪು ತೊಡಿಸಿ ಎಳೆಯುವ ರೂಢಿಯ ಬಗ್ಗೆ ವಿಶೇಷವಾಗಿ ಎಚ್ಚರಿಸಬೇಕಾಗಿದೆ. 12 ಮಿಲಿಮೀಟರ್ ದಪ್ಪದ, 8.8 ಬಲದ ದರ್ಜೆಯ ಬೋಲ್ಟನ್ನು ಬಿಗಿಯಲು ಬೇಕಾಗುವುದು ಸುಮಾರು 80 ನ್ಯೂಟನ್ ಮೀಟರ್ ತಿರುಚು, ಅಂದರೆ ಒಂದು ಅಡಿ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಹೆಚ್ಚುಕಡಿಮೆ 27 ಕಿಲೋ ಭಾರದಷ್ಟು ಎಳೆತ. ಅದೇ ಎಳೆತವನ್ನು ಒಂದು ಮೀಟರ್ ಪೈಪಿನ ತುದಿಯಲ್ಲಿ ಕೊಟ್ಟರೆ ಬೋಲ್ಟಿನ ಮೇಲೆ ಬೀಳುವ ತಿರುಚು ಮೂರು ಪಟ್ಟು ದಾಟುತ್ತದೆ. ತುಕ್ಕು ಹಿಡಿದ ಬೋಲ್ಟು ಅಷ್ಟನ್ನು ತಾಳುವುದಿಲ್ಲ. ಪೈಪಿನ ತುದಿಯಲ್ಲಿ ಕೆಲಸ ಮಾಡುವ ಕೈಗೆ ಬೋಲ್ಟು ಸಡಿಲವಾಗುತ್ತಿದೆಯೋ ತಿರುಚಿಕೊಳ್ಳುತ್ತಿದೆಯೋ ಎಂಬುದು ತಿಳಿಯುವುದೇ ಇಲ್ಲ. ರಬ್ಬರಿನಂತೆ ಮೆತ್ತಗೆ ಎಳೆದು ಬರುವ ಅನುಭವವಾದರೆ ಕೂಡಲೇ ನಿಲ್ಲಿಸಿ. ಅದು ಬೋಲ್ಟು ಮುರಿಯುವ ಮುನ್ಸೂಚನೆ.

ಬೆಂಕಿ ಕೊಟ್ಟು ಬಿಡಿಸುವುದಿದ್ದರೆ ನಟ್ಟಿಗೆ ಮಾತ್ರ ಕೊಡಿ, ಬೋಲ್ಟಿಗಲ್ಲ. ನಟ್ಟು ಹಿಗ್ಗಿದಾಗ ಹಿಡಿತ ಬಿಡುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹೊತ್ತಿ ಉರಿಯುವಂಥದ್ದು, ಆದ್ದರಿಂದ ಮೊದಲು ಒರೆಸಿ ತೆಗೆಯಿರಿ. ಸೀಲು, ಬೇರಿಂಗು, ಡೀಸೆಲ್ ಪೈಪುಗಳ ಹತ್ತಿರ ಬೆಂಕಿ ಬೇಡವೇ ಬೇಡ. ಹೊರಗೆ ಕಾಣುವ ನಟ್ಟು ಹಟ ಹಿಡಿದರೆ ಅದನ್ನು ಗ್ರೈಂಡರಿನಿಂದ ಅಥವಾ ಚಾಣದಿಂದ ಸೀಳಿ ತೆಗೆದುಬಿಡಿ. ಹತ್ತಿಪ್ಪತ್ತು ರೂಪಾಯಿಯ ನಟ್ಟನ್ನು ಉಳಿಸಲು ಗಂಟೆಗಟ್ಟಲೆ ಗುದ್ದಾಡುವುದು ಸರಿಯಲ್ಲ.

ಹಂತ 5: ಬೋಲ್ಟು ಮುರಿದರೆ

ಮುರಿದ ತುಂಡು ಸ್ವಲ್ಪ ಹೊರಗೆ ಚಾಚಿಕೊಂಡಿದ್ದರೆ ಅವಕಾಶ ಚೆನ್ನಾಗಿದೆ. ಲಾಕ್ ಆಗುವ ಇಕ್ಕಳದಿಂದ ಹಿಡಿದು ತಿರುಗಿಸಿ ನೋಡಿ. ಆಗದಿದ್ದರೆ ಅದರ ಮೇಲೆ ಒಂದು ನಟ್ಟನ್ನು ಇಟ್ಟು ನಟ್ಟಿನ ಒಳಗಡೆಯಿಂದ ವೆಲ್ಡಿಂಗ್ ಮಾಡಿಸಿ. ವೆಲ್ಡಿಂಗಿನ ಶಾಖಕ್ಕೇ ತುಕ್ಕು ಬಿಡುವುದರಿಂದ ಸ್ವಲ್ಪ ಆರಿದ ಮೇಲೆ ಸ್ಪ್ಯಾನರಿಗೆ ಬರುವ ಸಾಧ್ಯತೆ ಹೆಚ್ಚು. ಹತ್ತಿರದಲ್ಲೇ ಸೀಲೋ ಬೇರಿಂಗೋ ಇದ್ದು ಅದು ಹೇಗೂ ಬದಲಾಗುವಂಥದ್ದಾದರೆ ಚಿಂತೆಯಿಲ್ಲ, ಇಲ್ಲದಿದ್ದರೆ ಅದನ್ನು ಮೊದಲು ತೆಗೆಯಿರಿ.

ವೆಲ್ಡಿಂಗಿಗೆ ಮುಂಚೆ ರೋಟವೇಟರನ್ನು ಟ್ರ್ಯಾಕ್ಟರಿನಿಂದ ಬಿಡಿಸಿರಬೇಕು. ಬಿಡಿಸಲಾಗದಿದ್ದರೆ ಬ್ಯಾಟರಿಯ ನೆಗೆಟಿವ್ ತಂತಿಯನ್ನಾದರೂ ತೆಗೆಯಲೇಬೇಕು, ಇಲ್ಲದಿದ್ದರೆ ಆಲ್ಟರ್ನೇಟರ್ ಸುಟ್ಟು ಹೋಗಬಹುದು. ಅರ್ತಿಂಗ್ ಕ್ಲಿಪ್ಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಾಕಿಸಿ. ದೂರದಲ್ಲಿ ಹಾಕಿದರೆ ಕರೆಂಟು ಬೇರಿಂಗುಗಳ ಮೂಲಕ ಹರಿದು ಗುಂಡುಗಳ ಮೇಲೆ ಸಣ್ಣ ಸಣ್ಣ ಸುಟ್ಟ ಕಲೆ ಬೀಳುತ್ತವೆ, ಚೆನ್ನಾಗಿದ್ದ ಬೇರಿಂಗು ತಿಂಗಳೊಳಗೆ ಸದ್ದು ಮಾಡಲಾರಂಭಿಸುತ್ತದೆ. ಒಂದು ರಿಪೇರಿಯ ಹೊಟ್ಟೆಯಲ್ಲಿ ಇನ್ನೊಂದು ಹುಟ್ಟುವುದು ಇಂಥ ಕಡೆಯಲ್ಲೇ.

ತುಂಡು ಒಳಗೇ ಮುರಿದಿದ್ದರೆ ಸರಿಯಾಗಿ ನಡುವಿನಲ್ಲಿ ಪಂಚ್ ಗುರುತು ಹಾಕಿ, ಸಣ್ಣ ಬಿಟ್ಟಿನಿಂದ ತೂತು ಕೊರೆದು, ಈಜಿ ಔಟ್ ಎಂಬ ಎಡಸುತ್ತಿನ ಸಾಧನದಿಂದ ತೆಗೆಯುತ್ತಾರೆ. ಹೊಲದಲ್ಲಿ ಇದನ್ನು ಮಾಡಲು ಹೋಗಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಈಜಿ ಔಟ್ ಬಹಳ ಗಡಸು ಉಕ್ಕಿನದು. ಅದು ತೂತಿನೊಳಗೆ ಮುರಿದುಕೊಂಡರೆ ಸಾಮಾನ್ಯ ಡ್ರಿಲ್ ಅದನ್ನು ಕೊರೆಯಲಾರದು, ಆಗ ಬೋಲ್ಟಿನ ಸಮಸ್ಯೆ ಹೋಗಿ ಇಡೀ ಹೌಸಿಂಗಿನ (ಬೇರಿಂಗು, ಸೀಲು ಕೂರುವ ಹೊರಕವಚದ) ಸಮಸ್ಯೆಯಾಗುತ್ತದೆ. ಭಾಗವನ್ನು ಬಿಡಿಸಿ ಲೇತ್ ಅಂಗಡಿಗೆ ಒಯ್ಯಿರಿ. ಅಲ್ಲಿ ನೆಟ್ಟಗೆ ಕೊರೆದು ಹೊಸ ಸುತ್ತು ಹಾಕಿಕೊಡುತ್ತಾರೆ. 12 ಮಿಲಿಮೀಟರಿನ ಸಾಮಾನ್ಯ ಥ್ರೆಡ್ಡಿಗೆ 10.2 ಮಿಲಿಮೀಟರಿನ ತೂತು, 10ಕ್ಕೆ 8.5, 8ಕ್ಕೆ 6.8 ಎಂಬ ಲೆಕ್ಕ ಅವರಿಗೆ ಬಾಯಿಪಾಠ. ಲೇತ್ ಕೆಲಸದ ವಿಷಯದಲ್ಲಿ ನಮ್ಮ ಭಾಗಕ್ಕೆ ಹಳೆಯ ನಂಟೂ ಇದೆ: ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳ ತಯಾರಿಕೆಗೇ ಹೆಸರಾಗಿತ್ತು.

ಹಂತ 6: ಎಲ್ಲಿ ಕೈ ನಿಲ್ಲಿಸಬೇಕು

ಕೆಲಸ ಶುರು ಮಾಡುವ ಮುನ್ನವೇ ಈ ನಿಯಮವನ್ನು ಮನೆಯವರ ಮುಂದೆಯೋ ಜೊತೆಗಾರರ ಮುಂದೆಯೋ ಹೇಳಿಬಿಡಿ: ಪಟ್ಟಿಯಲ್ಲಿ ಇಲ್ಲದ ಎರಡನೆಯ ಭಾಗ ಮುರಿದ ಕ್ಷಣ ಎಲ್ಲರೂ ಸ್ಪ್ಯಾನರ್ ಕೆಳಗಿಡಬೇಕು. ಕೈ ತೊಳೆದು, ನೀರು ಕುಡಿದು, ಕುಳಿತು ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಭಾಗ ಇಂದು ಸಂಜೆಯೊಳಗೆ ಸಿಗುತ್ತದೆಯೇ? ಸಿಕ್ಕರೂ ಅದನ್ನು ಕೂರಿಸುವ ಸಾಧನ ನನ್ನಲ್ಲಿದೆಯೇ? ಇದನ್ನು ಹೀಗೆಯೇ ಬಿಟ್ಟು ನಾಳಿನ ಹೊಲದ ಕೆಲಸವನ್ನು ಬೇರೆ ದಾರಿಯಲ್ಲಿ ಮಾಡಿಸಬಹುದೇ?

ಮೂರನೆಯ ಪ್ರಶ್ನೆಗೆ ಉತ್ತರ ಬಹಳ ಸಲ ಹೌದು ಎಂದೇ ಇರುತ್ತದೆ. ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಿವೆ, ಊರಲ್ಲೇ ಗಂಟೆ ಲೆಕ್ಕಕ್ಕೆ ರೋಟವೇಟರ್ ಹೊಡೆಯುವವರೂ ಇರುತ್ತಾರೆ. ಹಂಗಾಮಿನಲ್ಲಿ ಬಾಡಿಗೆ ಯಂತ್ರಕ್ಕೆ ಸರದಿ ಇರುವುದರಿಂದ ಸಂಜೆ ಆರಕ್ಕೆ ಕೇಳುವುದಕ್ಕಿಂತ ಬೆಳಿಗ್ಗೆ ಹನ್ನೊಂದಕ್ಕೆ ಕೇಳಿದವರಿಗೆ ಮರುದಿನದ ಸರದಿ ಸಿಗುವ ಸಂಭವ ಹೆಚ್ಚು. ಎರಡು ಮೂರು ಎಕರೆಗೆ ಬಾಡಿಗೆ ಕೊಟ್ಟರೂ ಹದ ತಪ್ಪಿದ ಬಿತ್ತನೆಯ ನಷ್ಟಕ್ಕಿಂತ ಅದು ಕಡಿಮೆಯೇ. ನಿಲ್ಲಿಸುವುದನ್ನು ಸೋಲು ಎಂದುಕೊಳ್ಳಬಾರದು. ದಣಿದು ಸಿಟ್ಟಿಗೆದ್ದ ಹೊತ್ತಿನಲ್ಲಿ ಹೊಡೆದ ಸುತ್ತಿಗೆಯ ಪೆಟ್ಟು ಬೀಡು ಕಬ್ಬಿಣದ ಹೌಸಿಂಗನ್ನು ಸೀಳಿದ ಉದಾಹರಣೆಗಳು ಯಾವ ವರ್ಕ್‌ಶಾಪಿಗೆ ಹೋದರೂ ನೋಡಲು ಸಿಗುತ್ತವೆ, ಬೀಡಿಗೆ ಮಾಡಿದ ವೆಲ್ಡಿಂಗು ಸುಲಭವಾಗಿ ನಿಲ್ಲುವುದೂ ಇಲ್ಲ.

ಹಂತ 7: ಪೇಟೆಗೆ ಒಂದೇ ಸಲ ಹೋಗಿ ಬರುವುದು

ಜಗಳೂರಿನ ಕಡೆಯಿಂದ ದಾವಣಗೆರೆಗೆ, ಮೊಳಕಾಲ್ಮೂರಿನ ಕಡೆಯಿಂದ ಚಳ್ಳಕೆರೆಗೋ ಚಿತ್ರದುರ್ಗಕ್ಕೋ ಹೋಗಿ ಬರುವುದೆಂದರೆ ಅರ್ಧ ದಿನದ ಕೆಲಸ. ಆದ್ದರಿಂದ ಪೂರ್ತಿ ಬಿಚ್ಚಿ, ಒಳಗಿನ ಪ್ರತಿ ಭಾಗವನ್ನು ಡೀಸೆಲ್ಲಿನಲ್ಲಿ ತೊಳೆದು ನೋಡಿ ಮುಗಿಯುವ ತನಕ ಹೊರಡಬೇಡಿ. ಸೀಲು ಒಂದನ್ನು ತಂದು, ಕೂರಿಸುವಾಗ ಬೇರಿಂಗೂ ಹೋಗಿದೆ ಎಂದು ಕಂಡು ಮತ್ತೆ ಬಸ್ಸು ಹತ್ತುವುದು ತೀರಾ ಸಾಮಾನ್ಯ. ಹಳೆಯ ಭಾಗಗಳನ್ನು ಜೊತೆಗೆ ಒಯ್ಯಿರಿ, ಅವುಗಳ ಅಳತೆಯನ್ನು ಹಾಳೆಯಲ್ಲೂ ಬರೆದುಕೊಳ್ಳಿ; ಸವೆದ ಭಾಗದ ಮೇಲಿನ ಅಂಕಿ ಅಂಗಡಿಯವರಿಗೂ ಕಾಣದೆ ಹೋಗಬಹುದು.

ಬೇರಿಂಗಿನ ಅಂಚಿನ ಮೇಲೆ ಕೆತ್ತಿರುವ ಅಂಕಿಯಲ್ಲಿ ಕೊನೆಯ ಎರಡನ್ನು ಐದರಿಂದ ಗುಣಿಸಿದರೆ ಒಳರಂಧ್ರದ ಅಳತೆ ಬರುತ್ತದೆ. ಈ ಲೆಕ್ಕ 04ರಿಂದ ಮುಂದಿನವಕ್ಕೆ ಹೊಂದುತ್ತದೆ. 6207 ಆದರೆ 07 ಐದಲ 35, ಅಂದರೆ 35 ಮಿಲಿಮೀಟರ್ ಶಾಫ್ಟಿಗೆ ಕೂರುವಂಥದ್ದು. ಆದರೆ 6307 ಕೂಡ 35ರದ್ದೇ. ವ್ಯತ್ಯಾಸ ಇರುವುದು ಹೊರಗೆ: 6207ರ ಹೊರಅಳತೆ 72, ಅಗಲ 17, 6307ರ ಹೊರಅಳತೆ 80, ಅಗಲ 21. ಮಸುಕಾದ ಒಂದು ಅಂಕಿಯನ್ನು ತಪ್ಪಾಗಿ ಓದಿದರೆ ತಂದ ಬೇರಿಂಗು ಹೌಸಿಂಗಿಗೆ ಹೋಗುವುದೇ ಇಲ್ಲ. ಅಂಕಿಯ ನಂತರ ಇರುವ ಅಕ್ಷರಗಳನ್ನೂ ಬರೆದುಕೊಳ್ಳಿ. ಎರಡು ಬದಿಗೆ ರಬ್ಬರ್ ಮುಚ್ಚಳವೋ, ತಗಡಿನ ಮುಚ್ಚಳವೋ, ತೆರೆದದ್ದೋ ಎಂಬುದನ್ನು ಅವು ಹೇಳುತ್ತವೆ.

ಸೀಲಿನ ಮೇಲೆ ಮೂರು ಅಂಕಿ ಇರುತ್ತವೆ, ಉದಾಹರಣೆಗೆ 40-62-10: ಶಾಫ್ಟಿನ ದಪ್ಪ, ಹೌಸಿಂಗಿನ ಅಳತೆ, ಸೀಲಿನ ಅಗಲ. ಅಂಕಿ ಅಳಿಸಿದ್ದರೆ ಹಳೆಯ ಸೀಲನ್ನು ಅಳೆಯಬೇಡಿ, ಸವೆದ ರಬ್ಬರು ಸರಿ ಅಳತೆ ಕೊಡುವುದಿಲ್ಲ; ಶಾಫ್ಟನ್ನೂ ಸೀಲು ಕೂರುವ ಗುಂಡಿಯನ್ನೂ ಅಳೆಯಿರಿ. ಅದೇ ಹೊತ್ತಿನಲ್ಲಿ ಶಾಫ್ಟಿನ ಮೇಲೆ ಸೀಲು ಉಜ್ಜುತ್ತಿದ್ದ ಜಾಗಕ್ಕೆ ಉಗುರು ಆಡಿಸಿ ನೋಡಿ. ಉಗುರು ಸಿಕ್ಕುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ. ಆ ಶಾಫ್ಟನ್ನೂ ಒಯ್ದು ಲೇತಿನಲ್ಲಿ ತೋಳು ಹಾಕಿಸಬೇಕು, ಅಂದರೆ ಸವೆದ ಜಾಗಕ್ಕೆ ತೆಳುವಾದ ಉಕ್ಕಿನ ಕೊಳವೆ ತೊಡಿಸಬೇಕು.

ಬೋಲ್ಟಿನ ವಿಷಯದಲ್ಲಿ ಆಗುವ ಗೊಂದಲವೇ ಬೇರೆ. ಮಾತಿನಲ್ಲಿ ನಾವು ‘ಹತ್ತೊಂಬತ್ತರ ಬೋಲ್ಟು’ ಎನ್ನುವುದು ತಲೆಗೆ ಕೂರುವ ಸ್ಪ್ಯಾನರಿನ ಅಳತೆ. ಅಂಗಡಿಯಲ್ಲಿ ಬೇಕಾಗುವುದು ಮೈಯ ದಪ್ಪ. ಸಾಮಾನ್ಯವಾಗಿ 13ರ ಸ್ಪ್ಯಾನರಿಗೆ 8 ಮಿಲಿಮೀಟರಿನ ಬೋಲ್ಟು, 17ಕ್ಕೆ 10ರದ್ದು, 19ಕ್ಕೆ 12ರದ್ದು, 24ಕ್ಕೆ 16ರದ್ದು. ದಪ್ಪದ ಜೊತೆ, ತಲೆಯನ್ನು ಬಿಟ್ಟು ಉಳಿದ ಉದ್ದ ಮತ್ತು ಸುತ್ತುಗಳ ನಡುವಣ ಅಂತರ ಬೇಕು. 12ರ ಬೋಲ್ಟಿನಲ್ಲೇ 1.75ರ ಒರಟು ಸುತ್ತೂ ಇದೆ, 1.5 ಮತ್ತು 1.25ರ ಸಣ್ಣ ಸುತ್ತುಗಳೂ ಇವೆ. ಹಳೆಯ ಯಂತ್ರಗಳಲ್ಲಿ ಇಂಚಿನ ಬೋಲ್ಟುಗಳೂ ಸಿಗುತ್ತವೆ. 5/16 ಇಂಚಿನದು 7.94 ಮಿಲಿಮೀಟರ್ ಆದ್ದರಿಂದ ನೋಡಲು 8ರಂತೆಯೇ ಇರುತ್ತದೆ, ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿದುಕೊಳ್ಳುತ್ತದೆ. ಒತ್ತಾಯ ಮಾಡಿದರೆ ಒಳಗಿನ ಸುತ್ತು ಹಾಳಾಗುತ್ತದೆ. ಅಂಗಡಿಯಲ್ಲೇ ಹಳೆಯ ನಟ್ಟನ್ನು ಹೊಸ ಬೋಲ್ಟಿಗೆ ಬೆರಳಿನಿಂದ ಪೂರ್ತಿ ತಿರುಗಿಸಿ ನೋಡಿ ಕೊಳ್ಳಿ.

ತಲೆಯ ಮೇಲಿನ 8.8, 10.9 ಎಂಬ ಅಂಕಿ ಬೋಲ್ಟಿನ ಬಲದ ದರ್ಜೆ. ಎರಡನೆಯದು ಹೆಚ್ಚು ಗಟ್ಟಿ. ಹಳೆಯದರಲ್ಲಿ ಇದ್ದದ್ದನ್ನೇ ಹಾಕಬೇಕು. ಬ್ಲೇಡುಗಳಿಗೆ ಅಂಕಿಯಿಲ್ಲದ ಅಗ್ಗದ ಬೋಲ್ಟು ಹಾಕಿದರೆ ಕಲ್ಲು ಸಿಕ್ಕಾಗ ತುಂಡಾಗುತ್ತದೆ. ಇದಕ್ಕೆ ವಿರುದ್ಧವಾದ ತಪ್ಪು ಪಿಟಿಒ ಶಾಫ್ಟಿನ ಶಿಯರ್ ಬೋಲ್ಟಿನಲ್ಲಿ ನಡೆಯುತ್ತದೆ. ಹೆಚ್ಚು ಭಾರ ಬಿದ್ದಾಗ ತಾನು ಮುರಿದು ಗೇರ್‌ಬಾಕ್ಸನ್ನು ಉಳಿಸಲೆಂದೇ ಇಟ್ಟಿರುವ ಬೋಲ್ಟು ಅದು. ಪದೇ ಪದೇ ಮುರಿಯುತ್ತದೆಂದು ಅಲ್ಲಿ ಗಟ್ಟಿ ಬೋಲ್ಟು ಹಾಕಿದರೆ ಮುಂದಿನ ಸಲ ಮುರಿಯುವುದು ಗೇರಿನ ಹಲ್ಲು.

ಹಂತ 8: ಜೋಡಿಸುವುದು

ಬೇರಿಂಗನ್ನು ಶಾಫ್ಟಿನ ಮೇಲೆ ಕೂರಿಸುವಾಗ ಒಳಬಳೆಗೆ ಮಾತ್ರ, ಹೌಸಿಂಗಿನೊಳಗೆ ಕೂರಿಸುವಾಗ ಹೊರಬಳೆಗೆ ಮಾತ್ರ ಪೆಟ್ಟು ಬೀಳಬೇಕು. ಅಳತೆಗೆ ಸರಿಯಾದ ಪೈಪಿನ ತುಂಡು ಇಟ್ಟು ಸುತ್ತಲೂ ಸಮನಾಗಿ ತಟ್ಟಿ. ತಪ್ಪಾದ ಬಳೆಗೆ ಹೊಡೆದರೆ ಪೆಟ್ಟು ಗುಂಡುಗಳ ಮೂಲಕ ಹಾದು ಹೊಸ ಬೇರಿಂಗಿನಲ್ಲೇ ಕುಳಿ ಬೀಳುತ್ತವೆ. ಸೀಲಿನ ಸ್ಪ್ರಿಂಗ್ ಇರುವ ಮುಖ ಸಾಮಾನ್ಯವಾಗಿ ಎಣ್ಣೆಯ ಕಡೆಗೆ ಬರಬೇಕು. ಎರಡು ಸೀಲು ಜೋಡಿಯಾಗಿದ್ದರೆ ಒಂದು ಕೆಸರನ್ನು ತಡೆಯಲು ತಿರುವಿ ಹಾಕಿದ್ದಿರಬಹುದು, ಬಿಚ್ಚುವಾಗ ತೆಗೆದ ಫೋಟೊ ಆಗ ನೆರವಿಗೆ ಬರುತ್ತದೆ. ತುಟಿಗೆ ಗ್ರೀಸು ಸವರಿ, ಶಾಫ್ಟಿನ ಚೂಪಾದ ಅಂಚಿಗೆ ಟೇಪು ಸುತ್ತಿ ತೂರಿಸಿ.

ಗ್ಯಾಸ್ಕೆಟ್ ಪೇಸ್ಟನ್ನು ತೆಳುವಾಗಿ ಹಚ್ಚಿ. ಹೆಚ್ಚಾದದ್ದು ಒಳಗೆ ಬಿದ್ದು ಎಣ್ಣೆಯ ದಾರಿಯನ್ನು ಮುಚ್ಚುತ್ತದೆ. ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡದೆ ಎಣ್ಣೆ ತುಂಬಿಸಬೇಡಿ. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಬೆರಳಿನಿಂದ ಮೂರು ನಾಲ್ಕು ಸುತ್ತು ಹಾಕಿ, ಆಮೇಲೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಎಣ್ಣೆ ಕೈಪಿಡಿಯಲ್ಲಿ ಹೇಳಿದ್ದೇ ಇರಲಿ, ಹೆಚ್ಚಿನ ರೋಟವೇಟರುಗಳಿಗೆ 90ರ ಗೇರ್ ಎಣ್ಣೆ. ಮಟ್ಟದ ಗುರುತಿನ ತನಕ ಮಾತ್ರ. ತೆಗೆದ ಹಳೆಯ ಎಣ್ಣೆಯನ್ನು ಬದುವಿಗಾಗಲಿ ನಾಲೆಗಾಗಲಿ ಸುರಿಯದೆ ಡಬ್ಬಿಯಲ್ಲಿ ಹಿಡಿದು ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಿ.

ಹಂತ 9: ಓಡಿಸಿ ನೋಡುವುದು

ಮೊದಲು ಎಂಜಿನ್ ನಿಲ್ಲಿಸಿರುವಾಗಲೇ ರೋಟರನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ, ಎಲ್ಲೂ ಉಜ್ಜುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಬಳಿಕ ಜನರನ್ನು ದೂರ ಕಳಿಸಿ, ರೋಟರು ನೆಲಕ್ಕೆ ತಾಗದಷ್ಟು ಎತ್ತಿ, ಕಡಿಮೆ ವೇಗದಲ್ಲಿ ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಬೇರಿಂಗ್ ಇರುವ ಜಾಗದ ಹೊರಮೈಗೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಕಾದಿದ್ದರೆ ಎಲ್ಲೋ ಬಿಗಿಯಾಗಿದೆ, ಮತ್ತೆ ಬಿಚ್ಚಬೇಕಾಗುತ್ತದೆ. ಹೊಲದಲ್ಲಿ ಒಂದು ಗಂಟೆ ಕೆಲಸವಾದ ಮೇಲೆ ಎಲ್ಲ ಬೋಲ್ಟುಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ. ಹೊಸ ಗ್ಯಾಸ್ಕೆಟ್ಟು ಕುಗ್ಗಿದಾಗ ಅವು ಸಡಿಲಾಗುತ್ತವೆ.

ಕೊನೆಗೆ, ಪೇಟೆಗೆ ಒಯ್ದಿದ್ದ ಅಳತೆಯ ಹಾಳೆಯನ್ನು ಬಿಸಾಡಬೇಡಿ. ಬೇರಿಂಗಿನ ಅಂಕಿ, ಸೀಲಿನ ಮೂರು ಅಳತೆ, ಬೋಲ್ಟುಗಳ ದಪ್ಪ, ಉದ್ದ ಮತ್ತು ದರ್ಜೆ, ಎಣ್ಣೆಯ ಹೆಸರು, ಬದಲಾಯಿಸಿದ ದಿನಾಂಕ, ಇವಿಷ್ಟನ್ನು ಟೂಲ್ ಬಾಕ್ಸಿನ ಮುಚ್ಚಳದ ಒಳಗಡೆ ಬಣ್ಣದಲ್ಲಿ ಬರೆದಿಡಿ, ಅದರ ಫೋಟೊ ಮೊಬೈಲಿನಲ್ಲೂ ಇರಲಿ. ಉಳಿದ ಬೋಲ್ಟು, ಸರ್ಕ್ಲಿಪ್ಪು ಮತ್ತು ಒಂದು ಜೊತೆ ಹೆಚ್ಚಿನ ಸೀಲನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಬಿಸಿಲು ಬೀಳದ ಕಡೆ ಇಡಿ. ಬಿಸಿಲಿಗೆ ರಬ್ಬರು ಗಡಸಾಗಿ ಬಿರುಕು ಬಿಡುತ್ತದೆ.